ಪಣಜಿಯ ಕ್ವಿನ್ಸ್ ಬಿಲ್ಲೆ: ಬಣ್ಣ ಸರಿ, ಹೆಸರು ತಪ್ಪು

ಪಣಜಿಯ ಒಂದು ಬೇಕರಿಯಲ್ಲಿ ಗೋವದ ಸಿಹಿ ಪೇರಾಡ್ ಪಕ್ಕದಲ್ಲೇ 200 ಗ್ರಾಂನ ಕ್ವಿನ್ಸ್ (ಸೇಬಿನ ಹತ್ತಿರದ ಜಾತಿಯ ಹಣ್ಣು) ಬಿಲ್ಲೆ ಇಟ್ಟಿದ್ದಾರೆ. ಡಬ್ಬಿಯ ಮೇಲೆ ‘ಫ್ರೆಂಚ್ ಮಾರ್ಮಲೇಡ್’ ಅಂತಿದೆ. ಮಾರ್ಮಲೇಡ್ ಅಂದರೆ ಬ್ರೆಡ್ಡಿಗೆ ಸವರುವ ಹಣ್ಣಿನ ಪಾಕ, ಇದನ್ನು ಸವರಲು ಹೋದರೆ ಬ್ರೆಡ್ಡೇ ಹರಿಯುತ್ತದೆ. ಇದು ಚಾಕುವಿನಲ್ಲಿ ಕತ್ತರಿಸಿ ತಿನ್ನುವ ಗಟ್ಟಿ ಸಿಹಿ. ಫ್ರೆಂಚರ ಬಾಯಲ್ಲಿ ‘ಪಾತ್ ದ ಕ್ವ್ಯಾಂ’. ಹಣ್ಣಿನ ಹೆಸರಿನ ಕೊನೆಗೆ ‘ಗ’ ಬರೆದರೂ ಉಚ್ಚರಿಸುವುದಿಲ್ಲ, ಹಾಗಾಗಿ ಕೌಂಟರಿನವರ ‘ಕೋಯಿಂಗ್’ ಕೂಡ ತಪ್ಪೇ. (ಕಂಠಪೂರ್ತಿ ಕುಡಿದವನನ್ನೂ ಫ್ರೆಂಚರು ಈ ಹಣ್ಣಿಗೇ ಹೋಲಿಸುತ್ತಾರೆ. ಗೋವಕ್ಕೆ ಒಪ್ಪುವ ಮಾತು.)

ಮಾರ್ಮಲೇಡ್ ಅನ್ನುವುದಕ್ಕೂ ಒಂದು ನೆಪ ಉಂಟು. ಪೋರ್ಚುಗೀಸಿನಲ್ಲಿ ಕ್ವಿನ್ಸ್ ಅಂದರೆ ‘ಮಾರ್ಮೆಲು’, ಅದರ ಗಟ್ಟಿ ಪಾಕ ‘ಮಾರ್ಮೆಲಾದ’. ಕಿತ್ತಳೆ ಸಿಪ್ಪೆಯ ಬಾಟಲಿಗೆ ಆ ಹೆಸರು ಅಂಟಿದ್ದು ಆಮೇಲೆ. ಪಕ್ಕದಲ್ಲಿರುವ ಪೇರಾಡ್ ಅದೇ ಹದದ್ದು, ಹಣ್ಣು ಮಾತ್ರ ಪೇರಳೆ (ಸೀಬೆ).

ಬಣ್ಣಕ್ಕೆ ಪೂರ್ತಿ ಅಂಕ. ಕ್ವಿನ್ಸ್ ತಿರುಳು ಬೆಳ್ಳಗೆ, ಹಸಿಯಾಗಿ ತಿಂದರೆ ಬರೀ ಒಗರು. ಹುಳಿಯ ಜೊತೆ ಸಣ್ಣ ಉರಿಯಲ್ಲಿ ತುಂಬ ಹೊತ್ತು ಬೆಂದಾಗ ಆ ಒಗರಿನ ಟ್ಯಾನಿನ್ನೇ ಕೆಂಪಾಗುತ್ತದೆ. ಬಿಲ್ಲೆ ಪೇಲವ ಹಳದಿಯಿದ್ದರೆ ಬೇಗ ಇಳಿಸಿದ್ದಾರೆ, ಗುಲಾಬಿ ಶರಬತ್ತಿನ ಹಾಗಿದ್ದರೆ ಬಣ್ಣ ಹಾಕಿದ್ದಾರೆ. ಇದು ಇಟ್ಟಿಗೆ ಕೆಂಪು. ಕೊಯ್ದರೆ ಅಂಚು ನೆಟ್ಟಗೆ ನಿಲ್ಲುತ್ತದೆ, ಚಾಕುವಿಗೆ ಅಂಟುವುದಿಲ್ಲ.

ನಾಲಿಗೆಗೆ ಮಾತ್ರ ಅಲ್ಲಲ್ಲಿ ಮರಳು ಸಿಗುತ್ತದೆ. ಬೀಜದ ಗೂಡಿನ ಸುತ್ತ ಇರುವ ಗಟ್ಟಿ ಕಣಗಳವು. ಮಿಕ್ಸಿಗೆ ಹಾಕಿ ಜರಡಿ ಹಿಡಿಯದೆ ಬಿಟ್ಟರೆ ಹೀಗೇ. ಅಡಿಭಾಗವೂ ಬೆವರಿದೆ. ಫ್ರಾನ್ಸಿನಲ್ಲಿ ಬಿಲ್ಲೆಯನ್ನು ಕೆಲವು ದಿನ ಗಾಳಿಗೆ ಒಣಗಿಸುತ್ತಾರೆ. ಕರಾವಳಿಯಲ್ಲಿ ಹಾಗೆ ಬಿಟ್ಟರೆ ಸಕ್ಕರೆ ಹವೆಯ ತೇವ ಎಳೆದುಕೊಳ್ಳುತ್ತದೆ. ಇಲ್ಲಿ 60 ಡಿಗ್ರಿ ಓವನ್ನೇ ಗತಿ.

ಮನೆಯಲ್ಲೇ ಮಾಡುವವರು ಶರತ್ಕಾಲದ ಕಾಶ್ಮೀರದ ಹಣ್ಣು ಹುಡುಕಬೇಕು. ಮೇಲಿನ ಜುಂಗನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದು, ಹೋಳು ಮಾಡಿ, ಮೆತ್ತಗೆ ಬೇಯಿಸಿ. ಪಾಕವನ್ನು ಗಟ್ಟಿಯಾಗಿಸುವ ಪೆಕ್ಟಿನ್ ಹೆಚ್ಚಿರುವುದು ಬೀಜ ಮತ್ತು ಗೂಡಿನಲ್ಲಿ. ಅವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಅದೇ ನೀರಿಗೆ ಹಾಕಿ, ಬೀಜ ಮಾತ್ರ ಅರೆಯಬೇಡಿ, ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ಜರಡಿ ಹಿಡಿದ ತಿರುಳನ್ನು ತೂಗಿ, ಕೆಜಿಗೆ 800 ಗ್ರಾಂ ಸಕ್ಕರೆ, ಒಂದು ನಿಂಬೆಯ ರಸ. ಹಲಸಿನ ಬೆರಟಿಯಂತೆ ಬಾಣಲೆ ಬಿಡುವವರೆಗೆ ಕೈಯಾಡಿಸುತ್ತಿರಿ. ಗಟ್ಟಿಯಾಗುತ್ತಾ ಅದು ಸಿಡಿಯುತ್ತದೆ, ಉದ್ದ ಹಿಡಿಯ ಸೌಟೇ ಇರಲಿ.

ಬೇಕರಿಯ ಬಿಲ್ಲೆ ತಂದರೆ ಬೆವರು ಒರೆಸಿ, ಬಟರ್ ಪೇಪರ್ ಸುತ್ತಿ ಫ್ರಿಜ್ಜಿಗೆ ಹಾಕಿ. ತಿನ್ನುವಾಗ ಉಪ್ಪುಪ್ಪಾದ ಗಟ್ಟಿ ಚೀಸ್ ಜೊತೆ, ಬೆರಳಗಲಕ್ಕಿಂತ ತೆಳ್ಳಗೆ.