ಉಣುಗು ಕೀಳುವ ಕೊಕ್ಕೆ: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಆನ್‌ಲೈನಿನಲ್ಲಿ ‘ಟಿಕ್ ರಿಮೂವರ್’ ಅಂತ ಹುಡುಕಿದರೆ ಸಿಗುವ ಹಸಿರು ಪ್ಲಾಸ್ಟಿಕ್ ಕೊಕ್ಕೆ ಇದು. ಪೊಟ್ಟಣದಲ್ಲಿ ಎರಡು ಇರುತ್ತವೆ, ಒಂದು ದೊಡ್ಡದು, ಒಂದು ಸಣ್ಣದು. ಮೊಳೆ ಕೀಳುವ ಸುತ್ತಿಗೆಯ ಹಿಂಬದಿ ಇರುತ್ತದಲ್ಲ, ಅದನ್ನೇ ಬೆರಳುದ್ದಕ್ಕೆ ಇಳಿಸಿದ ಹಾಗಿದೆ. ಕಂಪನಿ ಹೆಸರು ಹೇಳುವಂಥದ್ದೇನಿಲ್ಲ, ಒಂದೇ ಮಾಲು ಹತ್ತಾರು ಹೆಸರಲ್ಲಿ ಬರುತ್ತದೆ. ನನಗೆ ಇನ್ನೂರು ರೂಪಾಯಿಯೊಳಗೆ ಸಿಕ್ಕಿತು.

ನಮ್ಮದು ಸಾಗರದ ಕಡೆ. ಮನೆ ಹಿಂದೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ. ನಮ್ಮ ನಾಯಿ ಜಿಮ್ಮಿ ದಿನಾ ಅಲ್ಲೆಲ್ಲ ಸುತ್ತಿ ಬಂದು ಕೊಟ್ಟಿಗೆಯಲ್ಲಿ ದನದ ಪಕ್ಕ ಮಲಗುತ್ತಾನೆ. ಅಂದಮೇಲೆ ಉಣುಗು ಹತ್ತದೆ ಇರುತ್ತದಾ? ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿ ಅಡಿಯಲ್ಲಿ, ಬಾಲದ ಬುಡದಲ್ಲಿ ಕಚ್ಚಿಕೊಂಡು ಕೂತಿರುತ್ತವೆ. ಮೈ ಸವರುವಾಗ ಕೈಗೆ ಗಂಟಿನ ಹಾಗೆ ಏನೋ ಸಿಕ್ಕಿದರೆ ಅದೇ.

ಬಳಸುವುದು ಸುಲಭ. ಕೂದಲು ಬಿಡಿಸಿ, ಕೊಕ್ಕೆಯ ಸೀಳನ್ನು ಚರ್ಮಕ್ಕೆ ತಾಗಿಸಿಕೊಂಡೇ ಪಕ್ಕದಿಂದ ತೂರಿಸಬೇಕು. ಉಣುಗಿನ ಹೊಟ್ಟೆ ಒತ್ತಬಾರದು. ಜೋರಾಗಿ ಎಳೆಯಲೂಬಾರದು. ಹಿಡಿಯನ್ನು ಎರಡು ಬೆರಳಲ್ಲಿ ತಿರುಗಿಸುತ್ತ ಹೋದರೆ ಎರಡು ಮೂರು ಸುತ್ತಿಗೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಜಿಮ್ಮಿಗೆ ಗೊತ್ತೇ ಆಗುವುದಿಲ್ಲ, ಕಿವಿ ಒಳಗಿನದು ಕೀಳುವಾಗ ಮಾತ್ರ ತಲೆ ಕೊಡವುತ್ತಾನೆ. ಕಿತ್ತದ್ದನ್ನು ಬೆಳಕಿಗೆ ಹಿಡಿದು ನೋಡಿ. ಎಂಟು ಕಾಲೂ ಆಡುತ್ತಿರುತ್ತವೆ, ಮುಂದೆ ಚೂರು ಮೂತಿ ಇರುತ್ತದೆ. ಮೂತಿ ಕಂಡರೆ ಪೂರ್ತಿ ಬಂದಿದೆ ಅಂತ. ಅಕಸ್ಮಾತ್ ಮುರಿದು ಒಳಗೇ ಉಳಿದರೆ ಸೂಜಿ ಹಾಕಿ ಕೆದಕಬೇಡಿ, ಸಾಮಾನ್ಯವಾಗಿ ದೇಹವೇ ಅದನ್ನು ಹೊರಗೆ ತಳ್ಳುತ್ತದೆ. ಜಾಗಕ್ಕೆ ಒಂಚೂರು ಬೆಟಾಡಿನ್ ಹಚ್ಚಿದರೆ ಸಾಕು.

ಈ ಕೊಕ್ಕೆ ಮನೆಗೆ ಬಂದಾಗ ನಮ್ಮತ್ತೆ, ‘ಅದಕ್ಯಾಕೆ ದುಡ್ಡು ಹಾಕ್ತೆ ಮಾರಾಯ್ತಿ, ಸೀಮೆಎಣ್ಣೆ ಒರೆಸಿದ್ರೆ ಉದುರಿ ಹೋಗ್ತು’ ಅಂದರು. ಸೀಮೆಎಣ್ಣೆ ಚರ್ಮ ಸುಡುತ್ತದೆ, ನಾಯಿ ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಹೊಗೆಸೊಪ್ಪಿನ ನೀರು ಇನ್ನೂ ಕೆಟ್ಟದ್ದು, ಅದರಲ್ಲಿರುವ ನಿಕೋಟಿನ್ ನಾಯಿಗೆ ವಿಷ. ಕೆಲವರು ಬೆಂಕಿಕಡ್ಡಿ ಗೀರಿ ತಾಗಿಸುತ್ತಾರೆ. ಬಿಸಿ ತಾಗಿದ ಉಣುಗು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರಬಹುದು. ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೇವಿನೆಣ್ಣೆ ಬೆರೆಸಿ ಸವರುವುದನ್ನು ನಾನೂ ಮಾಡಿ ನೋಡಿದ್ದೇನೆ. ವಾಸನೆ ಮನೆಯೆಲ್ಲ ತುಂಬಿತು, ಕಚ್ಚಿ ಕೂತದ್ದು ಕೂತೇ ಇತ್ತು.

ಇನ್ನೊಂದು ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ, ಕಿತ್ತ ಉಣುಗನ್ನು ಉಗುರಲ್ಲಿ ಕುಕ್ಕುವುದು. ದಯವಿಟ್ಟು ಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ಇಲ್ಲೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಕಾಡಿನ ಉಣುಗು, ನಾಯಿ ಮೈಮೇಲೆ ಕೂತು ಅದು ಅಂಗಳದವರೆಗೂ ಬರಬಹುದು. ನಾನು ಕೈಗೆ ಗ್ಲೌಸ್ ಹಾಕಿಕೊಂಡು ಕೀಳುತ್ತೇನೆ, ಕಿತ್ತದ್ದನ್ನು ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕುತ್ತೇನೆ. ಕೊನೆಗೆ ಕೊಕ್ಕೆಗೂ ಅದೇ ಸ್ಪಿರಿಟ್ ಒರೆಸುತ್ತೇನೆ.

ಈಗ ಕೊರತೆ. ಎಳ್ಳಿಗಿಂತ ಸಣ್ಣ ಮರಿ ಉಣುಗಿಗೆ ಸಣ್ಣ ಕೊಕ್ಕೆಯೂ ಸಾಲದು, ಸೀಳಿನಿಂದ ಜಾರಿ ಹೋಗುತ್ತವೆ. ಹಿಡಿ ನುಣುಪು, ಗ್ಲೌಸ್ ಒದ್ದೆಯಾದರೆ ಅದೂ ಜಾರುತ್ತದೆ. ಮತ್ತೆ, ಇದು ಕಚ್ಚಿದ್ದನ್ನು ಕೀಳುತ್ತದೆ ಅಷ್ಟೇ, ಹೊಸದು ಹತ್ತುವುದನ್ನು ತಡೆಯುವುದಿಲ್ಲ. ನಾಯಿಯ ಕಂದು ಉಣುಗು ರಕ್ತ ಕುಡಿದು ಕೆಳಗೆ ಬಿದ್ದು ಗೋಡೆ ಬಿರುಕಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೆ ಡಾಕ್ಟರ ಹತ್ತಿರ ಕೇಳಿ, ನಾಯಿಯ ತೂಕ ನೋಡಿ ಮಾತ್ರೆ ಕೊಡಬೇಕು. ಫ್ಲುರಲಾನರ್ ಇರುವ ಮಾತ್ರೆ 12 ವಾರ ಕೆಲಸ ಮಾಡುತ್ತದೆ. ದುಬಾರಿ ಹೌದು. ಬೆನ್ನಿಗೆ ಹಾಕುವ ಹನಿ ಔಷಧಿ ಅಗ್ಗ ಅಂತ ತರುವವರು, ಮನೆಯಲ್ಲಿ ಬೆಕ್ಕಿದ್ದರೆ, ಅದರಲ್ಲಿ ಪರ್ಮೆಥ್ರಿನ್ ಇದೆಯಾ ನೋಡಿಕೊಳ್ಳಿ. ಬೆಕ್ಕಿಗೆ ಅದು ವಿಷ. ನಮ್ಮ ಚಿನ್ನಿ ಜಿಮ್ಮಿಯ ಹೊಟ್ಟೆಗೆ ಒರಗಿಯೇ ಮಲಗುವುದು, ಹಾಗಾಗಿ ನಾವು ಅದನ್ನು ತರಲೇ ಇಲ್ಲ.

ಕೊಕ್ಕೆಯ ಜೊತೆ ಒಂದು ಡಿಜಿಟಲ್ ಥರ್ಮಾಮೀಟರ್ ಕೂಡ ಇಟ್ಟುಕೊಳ್ಳಿ, ನಾಯಿಗೆ ಅಂತಲೇ ಬೇರೆ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ನಮ್ಮ ಲೆಕ್ಕದಲ್ಲಿ ಜ್ವರ ಅಂದುಕೊಳ್ಳಬೇಡಿ. 103 ದಾಟಿತು, ಊಟ ಬಿಟ್ಟ, ವಸಡು ಬಿಳಿಚಿದೆ, ಮೂಗಲ್ಲಿ ರಕ್ತ, ಮೂತ್ರ ಕಂದು ಬಣ್ಣ, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿನ ಮಾತೇ ಬೇಡ. ಉಣುಗು ಜ್ವರ ಇದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮ ಜ್ವರದ ಮಾತ್ರೆ ಅರ್ಧ ಮುರಿದು ಕೊಡುವುದಂತೂ ಬೇಡವೇ ಬೇಡ, ನಾಯಿಯ ಲಿವರ್‌ಗೆ ಅಪಾಯ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹಿಡಿ ಇನ್ನೊಂದು ಅಂಗುಲ ಉದ್ದ, ಸ್ವಲ್ಪ ಒರಟು ಇದ್ದಿದ್ದರೆ ಐದೂ ಕೊಡಬಹುದಿತ್ತು. ಸಣ್ಣ ಕೊಕ್ಕೆ ಬೇಗ ಕಳೆದುಹೋಗುತ್ತದೆ, ಅದಕ್ಕೊಂದು ಕೆಂಪು ದಾರ ಕಟ್ಟಿಡಿ.