ಬೆಂಕಿಗೆ ಸಿಕ್ಕ ಹಳೆ ಮಸ್ಟ್ಯಾಂಗ್ ಅನ್ನು ಮನೆಯ ಗ್ಯಾರೇಜಿಗೆ ತರುವ ಮೊದಲು ಇದನ್ನು ಓದಿ

"ಬಾನೆಟ್ ಕೆಳಗೆ ಸ್ವಲ್ಪ ಬೆಂಕಿ ಹತ್ತಿತ್ತು ಅಷ್ಟೆ, ಕೂಡಲೇ ಆರಿಸಿದ್ವಿ, ಒಳಗೇನೂ ಆಗಿಲ್ಲ." ಹಳೆಯ ಅಮೆರಿಕನ್ ಕಾರು ಮಾರುವವರು ಯಾರಾದರೂ ಹೀಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಸೀಟು ಎತ್ತಿ, ಕಾರ್ಪೆಟ್ ಸರಿಸಿ, ಟಾರ್ಚ್ ಬಿಟ್ಟು ನೀವೇ ನೋಡುವವರೆಗೂ ನಂಬಬೇಡಿ. ನಾನು ನಂಬಿದೆ. ಹೋದ ದುಡ್ಡಿನ ಲೆಕ್ಕ ಆಮೇಲೆ ಹೇಳುತ್ತೇನೆ. ಮೊದಲು ಹೇಳಬೇಕಾದದ್ದು ಇದು: ಆ ಕಾರಿನ ದೆಸೆಯಿಂದ ನನ್ನ ನಾಲ್ಕು ವರ್ಷದ ಮಗಳ ರಕ್ತಕ್ಕೆ ಸೀಸ ಸೇರಿತು.

ನಾವಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದಲ್ಲಿ. ಇಲ್ಲಿ 1995ರಿಂದ ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆ ಕಾರುಗಳು ಸಾಲುಸಾಲಾಗಿ ಓಡುತ್ತವೆ. ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ ಅದಕ್ಕೆ ಹೆಸರು. ನಮ್ಮೂರಿನ ತೇರು ನೋಡಲು ನಿಂತ ಹಾಗೆ ಜನ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ವರ್ಷಾನುಗಟ್ಟಲೆ ಹಾಗೆ ಕೂತು ನೋಡಿದ ಮೇಲೆ ನಮ್ಮದೂ ಒಂದು ಆ ಸಾಲಿನಲ್ಲಿ ಹೋಗಲಿ ಅಂತ ಆಸೆ ಹುಟ್ಟಿತು. ದಾವಣಗೆರೆಯಲ್ಲಿ ನನ್ನ ಸೋದರಮಾವನದು ಟಿಂಕರಿಂಗ್ ಮತ್ತು ಪೇಂಟಿಂಗ್ ಅಂಗಡಿ. ಬೇಸಿಗೆ ರಜೆಯೆಲ್ಲ ಅಲ್ಲಿ ಕಾರುಗಳಿಗೆ ಎಮರಿ ಪೇಪರ್ ಉಜ್ಜಿ ಬೆಳೆದವನು ನಾನು. ಹಾಗಾಗಿ ಕೈಗೆ ಕೆಲಸ ಗೊತ್ತಿದೆ ಅನ್ನುವ ಧೈರ್ಯ ಇತ್ತು.

2022ರ ಅಕ್ಟೋಬರ್‌ನಲ್ಲಿ ಒಹಾಯೊದ ಒಬ್ಬರ ಹತ್ತಿರ 1967ರ ಫೋರ್ಡ್ ಮಸ್ಟ್ಯಾಂಗ್ ಹಾರ್ಡ್‌ಟಾಪ್, ಅಂದರೆ ಮಡಚದ ತಗಡಿನ ಟಾಪಿನ ಕಾರು, 6,500 ಡಾಲರಿಗೆ ಸಿಕ್ಕಿತು. ಕಾರ್ಖಾನೆಯವರು ಅದಕ್ಕೆ ಕೊಟ್ಟ ಗುರುತಿನ ನಂಬರ್ 7ಎಫ್01ಸಿ ಅಂತ ಶುರುವಾಗುತ್ತಿತ್ತು. 7 ಅಂದರೆ 1967ರ ಮಾಡೆಲ್, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, 01 ಅಂದರೆ ಹಾರ್ಡ್‌ಟಾಪ್, ಸಿ ಅಂದರೆ 289 ಘನ ಇಂಚಿನ ವಿ8 ಎಂಜಿನ್. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿಯಲ್ಲಿ ಹುಟ್ಟಿದ ಕಾರು ಅಂತ ತಿಳಿದಾಗಲೇ ನನ್ನ ವಿವೇಕ ಅರ್ಧ ಹೋಗಿತ್ತು. ಹೊತ್ತು ಮುಳುಗುವಾಗ ಹೋಗಿ ನೋಡಿದೆ. ಅದೂ ತಪ್ಪು. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ಅಡ್ಡ ಇರುವ ತಗಡಿನ ಫೈರ್‌ವಾಲ್‌ಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರು. ಒಳಗೆ ಹೊಸ ಕಾರ್ಪೆಟ್. ಟಾಪಿಗೆ ಬೂದು ಪ್ರೈಮರ್. ಇಷ್ಟು ಹಾಳಾದ ಕಾರಿಗೆ ಹೊಸ ಕಾರ್ಪೆಟ್ ಯಾಕೆ ಹಾಕಿದ್ದಾರೆ ಅಂತ ಕೇಳಬೇಕು ಅಂತ ಹೊಳೆಯಲೇ ಇಲ್ಲ.

ಕಾರಿನ ಇತಿಹಾಸ ಆನ್‌ಲೈನ್‌ನಲ್ಲಿ ತೆಗೆದು ನೋಡಬಹುದಿತ್ತಲ್ಲ ಅಂತ ಹಲವರು ಕೇಳಿದ್ದಾರೆ. ಈಗಿನ, ಅಕ್ಷರ ಅಂಕಿ ಸೇರಿ 17 ಇರುವ ಗುರುತಿನ ನಂಬರ್ ಬಂದದ್ದು 1981ರಲ್ಲಿ. ಅದಕ್ಕೂ ಮೊದಲು ಒಂದೊಂದು ಕಂಪನಿಯದು ಒಂದೊಂದು ರೀತಿ. ಆ ಹಳೆ ನಂಬರ್ ಹಾಕಿದರೆ ಸಾಮಾನ್ಯ ವರದಿಗಳಲ್ಲಿ ಏನೂ ಸಿಗುವುದಿಲ್ಲ. ಸಿಗಬಹುದಾಗಿದ್ದ ಕಾಗದ ಬೇರೆ ಇತ್ತು. ಅಗ್ನಿಶಾಮಕ ದಳದವರು ಬಂದು ಬೆಂಕಿ ಆರಿಸಿದ್ದರೆ ಅವರ ಹತ್ತಿರ ಆ ಘಟನೆಯ ವರದಿ ಇರುತ್ತದೆ. ಮಾರುವವರನ್ನು ಅದನ್ನೊಂದು ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಮನೆಗೆ ವಾಪಸ್ ಬನ್ನಿ.

ಚಳಿಗಾಲದಲ್ಲಿ ಬಿಚ್ಚತೊಡಗಿದೆ. ಹಿಂದಿನ ಸೀಟಿನ ಪಕ್ಕದ ಪ್ಯಾನೆಲ್ ಕಳಚಿ, ತಳದ ಸಂದಿಯೊಳಗೆ ಬೆರಳು ಹಾಕಿದಾಗ ಕಡಲೆಕಾಳಿನಷ್ಟು ದಪ್ಪದ ಗುಂಡುಗಳು ಸಿಕ್ಕವು. ಬೂದು ಬಣ್ಣ, ನೋಡಿದ್ದಕ್ಕಿಂತ ಭಾರ. ಉಗುರಲ್ಲಿ ಕೆರೆದರೆ ಗೀರು ಬಿದ್ದು ಒಳಗೆ ಬೆಳ್ಳಿಯ ಹಾಗೆ ಹೊಳೆಯಿತು. ಅದು ಸೀಸ. ಆ ಕಾಲದಲ್ಲಿ ಟಾಪೂ ಹಿಂದಿನ ಪಕ್ಕದ ಪ್ಯಾನೆಲ್ಲೂ ಕೂಡುವ ಜಾಯಿಂಟನ್ನು ಕಾರ್ಖಾನೆಯಲ್ಲಿ ಸೀಸ ತುಂಬಿ ನಯ ಮಾಡುತ್ತಿದ್ದರು. ನಾವು ಪುಟ್ಟಿ ಹಾಕುವ ಜಾಗಕ್ಕೆ ಅವರು ಸೀಸ ಹಾಕುತ್ತಿದ್ದರು ಅಂದುಕೊಳ್ಳಿ. ತವರ ಬೆರೆಸಿದ ಆ ಸೀಸ ಸುಮಾರು 180ರಿಂದ 260 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕರಗಿ, ಒಳಗಿಳಿದು, ಹನಿಹನಿಯಾಗಿ ತಳದಲ್ಲಿ ಗಟ್ಟಿಯಾಗಿ ಕೂತಿತ್ತು.

ಬೆಂಕಿ ಎಲ್ಲಿವರೆಗೆ ಹೋಗಿತ್ತು ಅಂತ ಆಮೇಲೆ ಒಂದೊಂದೇ ಗೊತ್ತಾಯಿತು. ಹಿಂದಿನ ಲೈಟಿನ ಸುತ್ತಿನ ಸತುವಿನ ಪಟ್ಟಿ ಒಂದು ಕಡೆ ಜೋತು ಬಿದ್ದಿತ್ತು. ಸತುವಿನ ಎರಕದ ಭಾಗಗಳು ಹಾಗಾಗಬೇಕಾದರೆ ಶಾಖ 400 ಡಿಗ್ರಿಯ ಆಸುಪಾಸು ಹೋಗಿರಬೇಕು. ಮುಂದಿನ ಕಾರ್ಬ್ಯುರೇಟರ್ ಇದ್ದ ಜಾಗದಲ್ಲಿ ಹೆಪ್ಪುಗಟ್ಟಿದ ಲೋಹದ ಮುದ್ದೆ. ಅಂದರೆ ಸೀಟು, ಟಾಪಿನ ಒಳಬಟ್ಟೆ, ವೈರಿಂಗ್ ಎಲ್ಲ ಉರಿದು ಬೆಂಕಿ ಡಿಕ್ಕಿಯವರೆಗೂ ಹೋಗಿತ್ತು. "ಬಾನೆಟ್ ಕೆಳಗೆ ಸ್ವಲ್ಪ" ಅಂದದ್ದು ಇದನ್ನು. ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ, ನಡುವೆ ಬೇರೆ ತಗಡಿಲ್ಲ. ಅಲ್ಲಿವರೆಗೆ ಬೆಂಕಿ ಬಂದಾಗ ಹತ್ತಿರದಲ್ಲಿ ಯಾರಾದರೂ ಇದ್ದರೋ ಏನೋ ಅಂತ ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಟಾಪಿನ ನಡುವೆ ಹೆಬ್ಬೆರಳಿಟ್ಟು ಒತ್ತಿದೆ. ಟಪ್ ಅಂತ ಒಳಗೆ ಹೋಯಿತು. ಕೈ ತೆಗೆದರೆ ಟಪ್ ಅಂತ ಹೊರಗೆ ಬಂತು. ಬಿಸ್ಕತ್ತಿನ ಡಬ್ಬದ ಮುಚ್ಚಳ ಇದ್ದ ಹಾಗೆ. ಮಾವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಎರಡು ಸಲ ಒತ್ತಿಸಿ ನೋಡಿದರು. "ಲೇ ತಮ್ಮಾ, ಬೆಂದ ತಗಡು ಅದು. ಬಡಿದ್ರೆ ಬಗ್ಗುತ್ತೆ, ಆದ್ರೆ ನಿಲ್ಲಲ್ಲ. ಟಾಪ್ ಪೂರ್ತಿ ಕತ್ತರಿಸಿ ಬೇರೆ ಹಾಕ್ಬೇಕು, ಇಲ್ಲಾಂದ್ರೆ ಬಿಟ್ಬಿಡು" ಅಂದರು. ನಲವತ್ತು ವರ್ಷ ತಗಡು ಬಡಿದ ಮನುಷ್ಯ ಹೇಳಿದ್ದು ಪೂರಾ ಸರಿ. ಪ್ರೆಸ್‌ನಲ್ಲಿ ಒತ್ತಿ ಆಕಾರ ಕೊಡುವಾಗ ತಗಡಿಗೆ ಒಂದು ಬಿಗಿ ಬಂದಿರುತ್ತದೆ. ಕೆಂಪಾಗಿ ಕಾದು ನಿಧಾನಕ್ಕೆ ಆರಿದರೆ ಆ ಬಿಗಿ ಹೋಗುತ್ತದೆ, ಜೊತೆಗೆ ಹಿಗ್ಗಿ ಕುಗ್ಗಿ ಆಕಾರವೂ ತಿರುಚುತ್ತದೆ. ಮಸ್ಟ್ಯಾಂಗ್‌ಗೆ ಕೆಳಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಟಾಪ್ ಎಳೆದರೆ ಬಾಗಿಲ ಚೌಕಟ್ಟೂ ಜೊತೆಗೆ ಹೋಗುತ್ತದೆ. ನನ್ನ ಎಡ ಬಾಗಿಲಿನ ಸಂದು ಮೇಲೆ 3 ಮಿಲಿಮೀಟರ್, ಕೆಳಗೆ 8 ಇತ್ತು. ಸ್ಪ್ರಿಂಗುಗಳ ಪಾಡು ಇನ್ನೂ ಕೆಟ್ಟದ್ದು. ಹದ ಕೊಟ್ಟ ಉಕ್ಕು ಅದು, ಕಾದರೆ ಹದ ಹೋಯಿತು ಅಂತಲೇ ಅರ್ಥ, ಮತ್ತೆ ಬಳಸಲೇಬಾರದು.

ಮಾವನ ಮಾತನ್ನು ಆವತ್ತೇ ಕೇಳಿದ್ದರೆ ಇದನ್ನು ಬರೆಯುವ ಕೆಲಸ ಇರುತ್ತಿರಲಿಲ್ಲ. ನಾನು ಬೇರೆ ಟಾಪ್ ತರಿಸಿದೆ. 2023ರ ಮಾರ್ಚಿನಿಂದ ಮೇ ತನಕ, ಸಂಜೆ ಆಫೀಸು ಮುಗಿದ ಮೇಲೆ ಗ್ರೈಂಡರ್ ಹಿಡಿದು ಹಳೆ ಜಾಯಿಂಟು ಉಜ್ಜಿದೆ. ಬಣ್ಣದ ಹಳೆ ಪದರಗಳಲ್ಲೂ ಸೀಸ, ಜಾಯಿಂಟಿನಲ್ಲಿ ಉಳಿದದ್ದೂ ಸೀಸ. ನನ್ನ ಮೂಗಿಗೆ ಮಾಸ್ಕ್ ಇತ್ತು. ಹೊರಗೆ ಚಳಿ ಅಂತ ಗ್ಯಾರೇಜಿನ ದೊಡ್ಡ ಬಾಗಿಲು ಹಾಕಿರುತ್ತಿತ್ತು. ಇಲ್ಲಿನ ಎಷ್ಟೋ ಮನೆಗಳ ಹಾಗೆ ನಮ್ಮ ಗ್ಯಾರೇಜೂ ಮನೆಗೆ ಅಂಟಿಕೊಂಡೇ ಇದೆ. ಒಂದು ಬಾಗಿಲು ತೆಗೆದರೆ ವಾಷಿಂಗ್ ಮೆಷಿನ್ ಇರುವ ಕೋಣೆ, ಅದರಾಚೆ ಅಡುಗೆಮನೆ.

ಕೆಲಸ ನಿಲ್ಲಿಸಿದ ಮೇಲೆ ಮಗಳು ಬಂದು ಆ ಬಾಗಿಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನಾನು ಸಾಮಾನು ಎತ್ತಿಡುವಾಗ "10 ಕೊಡಮ್ಮ, 12 ಕೊಡಮ್ಮ" ಅಂತ ಕೇಳಿದರೆ ಬೋಲ್ಟ್ ಬಿಚ್ಚುವ ಸಾಕೆಟ್‌ಗಳನ್ನು ಅಂಕಿ ನೋಡಿ ಎತ್ತಿ ಕೊಡುತ್ತಿದ್ದಳು. ಅಂಕಿ ಕಲಿತದ್ದೇ ಹಾಗೆ. ಪಕ್ಕದಲ್ಲಿ ಒಂದು ಬಟ್ಟಲು ಮಂಡಕ್ಕಿ. ಒಂದು ಕೈಯಲ್ಲಿ ಸಾಕೆಟ್, ಅದೇ ಕೈಯಲ್ಲಿ ಮಂಡಕ್ಕಿ. ಧೂಳು ಕೆಳಗೆ ಕೂತಿದೆಯಲ್ಲ, ಗಾಳಿಯಲ್ಲಿಲ್ಲವಲ್ಲ ಅಂತ ನಾನು ಸುಮ್ಮನಿದ್ದೆ. ಕೂತಿದ್ದದ್ದು ಆ ಮೆಟ್ಟಿಲ ಮೇಲೆ, ಆ ಸಾಕೆಟ್‌ಗಳ ಮೇಲೆ. ನನ್ನ ಕೆಲಸದ ಬಟ್ಟೆ ಹೋಗುತ್ತಿದ್ದದ್ದು ಅವಳ ಫ್ರಾಕ್‌ಗಳ ಜೊತೆ ಅದೇ ಮೆಷಿನ್ನಿಗೆ.

ಜೂನ್‌ನಲ್ಲಿ ಶಾಲೆಗೆ ಸೇರಿಸುವ ಮೊದಲಿನ ತಪಾಸಣೆಗೆ ಹೋದಾಗ ಮಕ್ಕಳ ಡಾಕ್ಟರ್ ಮಾತಿನ ನಡುವೆ, ಮನೆಯಲ್ಲಿ ಯಾರಾದರೂ ಹಳೆ ಬಣ್ಣ ಕೆರೆಯುವ ಅಥವಾ ಬೆಸುಗೆ ಹಾಕುವ ಕೆಲಸ ಮಾಡುತ್ತೀರಾ ಅಂತ ಕೇಳಿದರು. ಹೌದು ಅಂದೆ. ಬೆರಳು ಚುಚ್ಚಿ ನೋಡಿದರು, ಆಮೇಲೆ ತೋಳಿನಿಂದ ರಕ್ತ ತೆಗೆದರು. ಡೆಸಿಲೀಟರಿಗೆ 11 ಮೈಕ್ರೋಗ್ರಾಂ ಸೀಸ. ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಿಂದ 3.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕ್ರಮ ತೆಗೆದುಕೊಳ್ಳಿ ಅನ್ನುತ್ತದೆ. ಮಕ್ಕಳಿಗೆ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಬೆಳೆಯುವ ಮಿದುಳಿಗೆ, ಕಲಿಕೆಗೆ, ಗಮನಕ್ಕೆ ಅದು ಪೆಟ್ಟು ಕೊಡುತ್ತದೆ, ಹೊರಗೆ ಯಾವ ಲಕ್ಷಣವೂ ಕಾಣಬೇಕೆಂದಿಲ್ಲ. ನಮ್ಮ ಮಗಳು ಆವತ್ತೂ ಕುಣಿದಾಡಿಕೊಂಡೇ ಇದ್ದಳು.

ಕಾರಿನಲ್ಲಿ ವಾಪಸ್ ಬರುವಾಗ ನನ್ನ ಹೆಂಡತಿ ಒಂದೇ ಮಾತು ಆಡಿದ್ದು. "ರೀ, ಅದು ಇವತ್ತೇ ಮನೆಯಿಂದ ಆಚೆ ಹೋಗ್ಬೇಕು." ಹೋಯಿತು. ಆದರೆ ಧೂಳು ಹೋಗಲಿಲ್ಲ. ಮಾಮೂಲಿ ವ್ಯಾಕ್ಯೂಮ್ ಹಾಕಿದರೆ ಅದು ಸಣ್ಣ ಧೂಳನ್ನು ಹಿಂದಿನಿಂದ ಮತ್ತೆ ಗಾಳಿಗೆ ಬಿಡುತ್ತದೆ. ತೀರ ಸಣ್ಣ ಧೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವುದೇ ಬೇಕು, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಆ ಬಟ್ಟೆ ಬಿಸಾಡಬೇಕು. ಗ್ಯಾರೇಜು, ಮೆಟ್ಟಿಲು, ಮೆಷಿನ್ ಕೋಣೆ, ಅಡುಗೆಮನೆಯ ನೆಲ ಹೀಗೆ ಮೂರು ವಾರ ಒರೆಸಿದೆವು. ಅವಳಿಗೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಇರುವ ಊಟ ಚೆನ್ನಾಗಿ ಕೊಡಿ ಅಂದರು. ಅವು ಕಡಿಮೆ ಇದ್ದರೆ ಮೈ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದಂತೆ. ಏಳು ತಿಂಗಳಿಗೆ ಅಂಕಿ 4ಕ್ಕೆ ಇಳಿಯಿತು.

ಸೀಸ ಒಂದೇ ಅಲ್ಲ. ವಿನೈಲ್ ಸೀಟು, ವೈರುಗಳ ಹೊದಿಕೆ ಉರಿದರೆ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದು ಮಸಿಯ ಜೊತೆ ತಗಡಿಗೆ ಅಂಟಿಕೊಂಡು, ತೇವ ಸಿಕ್ಕ ಕೂಡಲೇ ತುಕ್ಕು ಎಬ್ಬಿಸುತ್ತದೆ. ಬೆಂಕಿ ಆರಿಸುವ ಪುಡಿಯೂ ಅಷ್ಟೇ, ಸಂದಿಯಲ್ಲಿ ಉಳಿದರೆ ಲೋಹ ತಿನ್ನುತ್ತದೆ. ಹಳೆ ಬ್ರೇಕ್ ಲೈನರ್, ಕ್ಲಚ್, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಏರ್ ಕಂಪ್ರೆಸರ್‌ನಿಂದ ಆ ಧೂಳು ಊದಲೇಬಾರದು. ಈಚೆಗೆ ಎಂಜಿನ್ ಬಿಚ್ಚಿ ಕಟ್ಟಿದ ಕಾರಾದರೆ ವೈಟಾನ್ ಅನ್ನುವ ರಬ್ಬರಿನ ಸೀಲು, ರಿಂಗುಗಳು ಇರಬಹುದು. ಅವು ಸುಟ್ಟು ಕರಗಿ ಅಂಟಂಟಾಗಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರಬಹುದು. ಮುಟ್ಟಿದ ಕೂಡಲೇ ಉರಿಯದೆ, ಗಂಟೆಗಳ ಮೇಲೆ ನೋವು ಶುರುವಾಗಿ ಆಳಕ್ಕೆ ಇಳಿಯುವ ಆಮ್ಲ ಅದು. ಇನ್ನೊಂದು, ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಮಸಿ ತೊಳೆದ ಜಾಗಕ್ಕೆ ವೆಲ್ಡಿಂಗ್ ಹಿಡಿದರೆ ಫಾಸ್ಜೀನ್ ಅನ್ನುವ ವಿಷಾನಿಲ ಬರುತ್ತದೆ. ಡಬ್ಬದ ಹಿಂದಿನ ಸಣ್ಣ ಅಕ್ಷರ ಓದಿ.

ದುಡ್ಡಿನ ವಿಷಯ: ಕಾರು, ಟಾಪ್, ವೈರಿಂಗ್, ವೆಲ್ಡಿಂಗ್ ಮೆಷಿನ್, ಸಾಗಾಟ, ಮನೆ ಶುಚಿ ಮಾಡಿದ್ದು ಸೇರಿ 21,000 ಡಾಲರ್ ದಾಟಿತು. ಬಿಡಿಭಾಗಕ್ಕೆ ಅಂತ ಮಾರಿದಾಗ ಬಂದದ್ದು 3,100.

ಈಗಾಗಲೇ ಇಂಥ ಕಾರು ನಿಮ್ಮ ಗ್ಯಾರೇಜಿನಲ್ಲಿದ್ದರೆ ಇವತ್ತೇ ಗ್ರೈಂಡರ್ ನಿಲ್ಲಿಸಿ. ಮನೆಯಲ್ಲಿ ಮಕ್ಕಳಿದ್ದರೆ, ಬಸುರಿ ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ನಿಮ್ಮದನ್ನೂ ಮಾಡಿಸಿ. ಕೆಲಸ ಮುಂದುವರಿಸಲೇಬೇಕು ಅಂದರೆ ಮನೆಗೆ ಅಂಟಿಕೊಳ್ಳದ ಜಾಗ ಬಾಡಿಗೆಗೆ ಹಿಡಿಯಿರಿ. ಸಣ್ಣ ಧೂಳು ತಡೆಯುವ ಪಿ100 ಫಿಲ್ಟರಿನ ಮಾಸ್ಕ್ ಹಾಕಿ, ಒಣಗಿದ್ದನ್ನು ಉಜ್ಜದೆ ಒದ್ದೆ ಮಾಡಿ ಉಜ್ಜಿ, ಬಟ್ಟೆ ಮತ್ತು ಚಪ್ಪಲಿ ಅಲ್ಲೇ ಬಿಟ್ಟು, ಸ್ನಾನ ಮಾಡಿಯೇ ಮಕ್ಕಳನ್ನು ಎತ್ತಿಕೊಳ್ಳಿ.

ಕಾರು ಕೊಂಡವರಿಗೆ ನಾನು ಎಲ್ಲವನ್ನೂ ಹೇಳಿದೆ. ಸೀಸದ ಗುಂಡುಗಳನ್ನು ಒಂದು ಜಿಪ್ ಕವರಿಗೆ ಹಾಕಿ, ಎಲ್ಲಿ ಸಿಕ್ಕವು ಅಂತ ಚೀಟಿ ಬರೆದು ಕೈಗೆ ಕೊಟ್ಟೆ. ಅವರು ಎಂಜಿನ್ನು, ಗೇರ್‌ಬಾಕ್ಸು ಬಿಚ್ಚಿಕೊಂಡು ಬಾಡಿಯನ್ನು ನೇರ ಗುಜರಿಗೆ ಕಳಿಸಿದರು. ಮಗಳಿಗೆ ನವೆಂಬರ್‌ನಲ್ಲಿ ಇನ್ನೊಂದು ಪರೀಕ್ಷೆ ಇದೆ.