ಕಲಬುರಗಿಯಲ್ಲಿ ಬೆಕ್ಕು ಸಾಕಿದವರು ಓದಿ: 'ವೈರಸ್ ತೆಗೆಯುವ ಇಂಜೆಕ್ಷನ್' ನಂಬಬೇಡಿ
ಹದಿನೈದು ಸಾವಿರ ರೂಪಾಯಿ ಹೋಯಿತು. ಅದು ಹೋಗಲಿ, ಮೂರು ವಾರ ಹೋಯಿತಲ್ಲ, ಅದೇ ಸಂಕಟ. ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೀತಿದ್ದೇನೆ, ಯಾಕಂದ್ರೆ ಆ ಇಂಜೆಕ್ಷನ್ ಕೊಟ್ಟ ಮನುಷ್ಯ ಇವತ್ತೂ ಬಾಗಿಲು ತೆಗೆದು ಕೂತಿದ್ದಾನೆ.

ನಮ್ಮ ಬೆಕ್ಕು ಚಿನ್ನಿಗೆ ಬಿಟ್ಟು ಬಿಟ್ಟು ಜ್ವರ. ಊಟ ಬಿಟ್ಟಳು. ತುಟಿ ಎತ್ತಿ ನೋಡಿದರೆ ವಸಡು ಸುಣ್ಣದ ಹಾಗೆ ಬೆಳ್ಳಗೆ. ಊರಲ್ಲೇ ಒಬ್ಬನ ಹತ್ತಿರ ಒಯ್ದೆ. ಕಣ್ಣು ನೋಡಿದ, ಬಾಯಿ ನೋಡಿದ, ಅಷ್ಟೇ. "ಅಕ್ಕಾರ, ಇದು ಬ್ಲಡ್ ಕ್ಯಾನ್ಸರ್ ವೈರಸ್ ಅದ. ಏಡ್ಸೂ ಅದ. ಮನ್ಯಾಗ ಸಣ್ಣ ಮಕ್ಕಳು ಅದಾರೇನ್ರಿ? ಅವರಿಗೂ ಬರ್ತದ."

ಮಗನಿಗೆ ನಾಲ್ಕು ವರ್ಷ. ಚಿನ್ನಿಯನ್ನು ತಬ್ಬಿಕೊಂಡೇ ಮಲಗುತ್ತಾನೆ. ಆ ಒಂದು ಮಾತಿಗೇ ನಾನು ಬಿದ್ದೆ. ರಕ್ತ ಪರೀಕ್ಷೆ ಮಾಡಲ್ವಾ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಆರು ಇಂಜೆಕ್ಷನ್, ಇಪ್ಪತ್ತೊಂದು ದಿನ, ಒಂದಕ್ಕೆ 2,500. "ವೈರಸ್ ಪೂರ್ತಿ ಕ್ಲೀನ್, ಗ್ಯಾರಂಟಿ ನಂದು." ಬಿಲ್ ಕೊಡಲಿಲ್ಲ.

ಮನೆಯಲ್ಲಿ ಮಿಟ್ಟು ಅಂತ ಇನ್ನೊಂದು ಬೆಕ್ಕಿದೆ, ಬೇರೆ ಇಡಬೇಕಾ ಅಂತ ಕೇಳಿದ್ದೆ. "ಏನೂ ಬೇಡ್ರಿ, ಇಂಜೆಕ್ಷನ್ ಬಿದ್ದಮ್ಯಾಲ ಹರಡಂಗಿಲ್ಲ." ಮೂರು ವಾರ ಎರಡೂ ಒಂದೇ ತಟ್ಟೆಯಲ್ಲಿ ತಿಂದವು, ಒಂದನ್ನೊಂದು ನೆಕ್ಕಿದವು. ಇದನ್ನು ಮಾತ್ರ ನಾನು ಕ್ಷಮಿಸಲ್ಲ.

ಐದು ಆದರೂ ಚಿನ್ನಿ ಎದ್ದು ನಿಲ್ಲಲಿಲ್ಲ. ಆರನೆಯದು ಭಾನುವಾರ ಬರುತ್ತದೆ ಅಂತ ಬಾಟಲಿ ನನ್ನ ಕೈಗೇ ಕೊಟ್ಟಿದ್ದ. ಅದನ್ನೂ ಅವಳನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹುಮನಾಬಾದ್ ಮೇಲೆ ಬಸ್ಸಲ್ಲಿ ಬೀದರಿಗೆ ಹೋದೆ. ವೆಟರ್ನರಿ ಕಾಲೇಜು ಇರೋ ಊರು, ಯಾರಾದರೂ ಸರಿಯಾಗಿ ನೋಡಿಯಾರು ಅಂತ. ಅಲ್ಲಿ ಒಬ್ಬ ಡಾಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದರು. ಲೇಬಲ್ ಕೆರೆದು ತೆಗೆದಿತ್ತು, ಅಂಟು ಮಾತ್ರ ಕಪ್ಪಗೆ ಉಳಿದಿತ್ತು. ಒಳಗೆ ಹಳದಿ ನೀರು. ಸಿರಿಂಜಿಗೆ ಒಂದು ಹನಿ ಎಳೆದು ಮೂಸಿದರು. "ಬಿ ಕಾಂಪ್ಲೆಕ್ಸ್ ವಾಸನಿ ಬರ್ತದಲ್ರಿ ಇದು." ನನಗೆ ತಲೆ ಎತ್ತೋಕಾಗಲಿಲ್ಲ. ಬಿ ಕಾಂಪ್ಲೆಕ್ಸ್! ಹದಿನೈದು ಸಾವಿರಕ್ಕೆ!

ಕೊರೊನಾ ಕಾಲದಲ್ಲಿ ನೋಡಿದ್ವಲ್ಲ, ಅಂಥದೇ ಪರೀಕ್ಷೆ ಕಾರ್ಡು. ಹನಿ ರಕ್ತ ಹಾಕಿದರು, ಹತ್ತು ನಿಮಿಷ. ಅವನು ಬ್ಲಡ್ ಕ್ಯಾನ್ಸರ್ ಅಂದ ಲ್ಯುಕೇಮಿಯಾ ವೈರಸ್ ಇದೆ, ಬೆಕ್ಕಿನ ಏಡ್ಸ್ ಅನ್ನೋ ಎಫ್‌ಐವಿ ಇಲ್ಲ. ಎರಡೂ ಬೇರೆ ಬೇರೆ ವೈರಸ್. ಲ್ಯುಕೇಮಿಯಾದ್ದು ಎಂಜಲಿನಿಂದ ಹರಡುತ್ತದೆ, ಎಫ್‌ಐವಿ ಹೆಚ್ಚಾಗಿ ಕಚ್ಚಾಟದ ಗಾಯದಿಂದ. ಮನುಷ್ಯರಿಗೆ ಎರಡೂ ಬರಲ್ಲ. ಮಕ್ಕಳಿಗೂ ಬರಲ್ಲ! "1964ರಾಗ ಕಂಡುಹಿಡದ ವೈರಸ್ ಇದು. ಮೈಯಿಂದ ಪೂರ್ತಿ ತೆಗಿಯೋ ಔಷಧ ಇವತ್ತಿಗೂ ಇಲ್ರಿ" ಅಂದರು. ಜ್ವರಕ್ಕೆ, ಸೋಂಕಿಗೆ, ರಕ್ತಹೀನತೆಗೆ ಚಿಕಿತ್ಸೆ ಇದೆ. ಒಳ್ಳೆ ಊಟ ಹಾಕಿ ಮನೆಯೊಳಗೇ ನೋಡಿಕೊಂಡರೆ ಕೆಲವು ವರ್ಷಗಟ್ಟಲೆ ಬದುಕುತ್ತವೆ.

ಬಂದು ಅವನಿಗೆ ಫೋನ್ ಮಾಡಿದೆ. "ಡಾಕ್ಟರ್ ನೀವೇನ್ರಿ, ನಾನೇನ್ರಿ?" ಲೇಬಲ್ ಯಾಕೆ ಕೆರೆದಿದ್ದೀರಿ ಅಂದೆ. "ಫಾರಿನ್ ಮಾಲ್ ಅಕ್ಕಾರ, ಹಂಗೇ ಬರ್ತದ." ರೊಕ್ಕ ಕೊಡಿ ಅಂದೆ. "ಔಷಧ ಬೆಕ್ಕಿನ ಮೈಯಾಗ ಹೋಗ್ಯಾದ, ವಾಪಸ್ ಹ್ಯಾಂಗ ತಗೊಳ್ಳಿ?" ಆಮೇಲೆ ನಂಬರ್ ಬ್ಲಾಕ್.

ಪರೀಕ್ಷೆ ಮಾಡದೆ ಹೆಸರು ಹೇಳಿದರೆ ಎದ್ದು ಬನ್ನಿ. ಬಾಟಲಿಯ ಲೇಬಲ್ ಫೋಟೋ ತೆಗೆದುಕೊಳ್ಳಿ. ಗ್ಯಾರಂಟಿ ಅಂದರೆ ಒಂದು ರೂಪಾಯಿ ಕೊಡಬೇಡಿ.

ಚಿನ್ನಿ ನಿನ್ನೆ ಎರಡು ಚಮಚ ಕೋಳಿ ಸಾರು ಕುಡಿದಳು. ಮಿಟ್ಟುಗೆ ಮೊದಲ ಪರೀಕ್ಷೆಯಲ್ಲಿ ಏನೂ ಬಂದಿಲ್ಲ. ಈಗಷ್ಟೇ ತಗುಲಿದ್ದರೆ ಕಾಣಲ್ಲವಂತೆ, ಮತ್ತೆ ಮಾಡಿಸಬೇಕು. ಅಲ್ಲಿವರೆಗೂ ಒಳಗಿನ ಕೋಣೆಯಲ್ಲಿ ಬೇರೆ ಇಟ್ಟಿದ್ದೇವೆ. ರಾತ್ರಿಯಿಡೀ ಬಾಗಿಲು ಕೆರೆಯುತ್ತಾನೆ.